ಇಪೋಗೆ ಹೋದ ಎರಡು ಲೆನ್ಸು

ಮಾರಿಕುಪ್ಪಂ

ಜನ ಮಲೇಷ್ಯಾಕ್ಕೆ ಹೋಗುವುದು ಅವಳಿ ಗೋಪುರ ನೋಡುವುದಕ್ಕೆ. ನಾನು ಹೋದದ್ದು ಮೂವತ್ತೈದು ದೊಡ್ಡದೋ ಐವತ್ತು ದೊಡ್ಡದೋ ಎಂದು ತೀರ್ಮಾನ ಮಾಡುವುದಕ್ಕೆ. ಲೆಕ್ಕದ ಮೇಷ್ಟ್ರ ಮುಂದೆ ಹೀಗೆ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಕ್ಯಾಮೆರಾ ಹುಚ್ಚಿನವರ ಮುಂದೆ ಹೇಳಿ ನೋಡಿ, ಕುರ್ಚಿ ಕೊಟ್ಟು ಕೂರಿಸಿ, ಕಾಫಿ ತರಿಸಿ, ನಿಮಗೆ ಸಾಕಾಗುವವರೆಗೆ ಮಾತಾಡುತ್ತಾರೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ನನ್ನ ಹತ್ತಿರ ಮಿರರ್‌ಲೆಸ್ ಎಂಬ ಹೊಸ ಬಗೆಯ ಒಂದು ಕ್ಯಾಮೆರಾ ಇದೆ. ಅದಕ್ಕೆ ಹಾಕುವ ಲೆನ್ಸುಗಳಲ್ಲಿ ಕೆಲವು ಹಿಂದೆ ಮುಂದೆ ಜೂಮ್ ಆಗುವುದಿಲ್ಲ, ಇದ್ದಷ್ಟೇ. ಅವು ಪ್ರೈಮ್ ಲೆನ್ಸುಗಳು. ಹತ್ತಿರದ ಚಿತ್ರ ಬೇಕಾದರೆ ನೀವೇ ಕಾಲೆತ್ತಿ ನಡೆಯಬೇಕು. ಐವತ್ತು ಮಿಲಿಮೀಟರಿನದು ಮುಖವನ್ನು ಹತ್ತಿರ ತರುತ್ತದೆ, ಸುತ್ತಲಿನದನ್ನು ಬಿಡುತ್ತದೆ. ಮೂವತ್ತೈದರದು ಮನುಷ್ಯನ ಜೊತೆ ಅವನ ಗೋಡೆ, ಒಲೆ, ಒಗೆದು ಹಾಕಿದ ಪಂಚೆ ಎಲ್ಲವನ್ನೂ ಒಳಗೆ ಕರೆದುಕೊಳ್ಳುತ್ತದೆ. ವ್ಯತ್ಯಾಸ ಇಷ್ಟೇ. ಇಷ್ಟಕ್ಕೆ ನಮ್ಮ ಕೆಜಿಎಫ್ ಫೋಟೋ ಬಳಗದ ವಾಟ್ಸಾಪ್ ಗುಂಪು ಎರಡು ಹೋಳಾಗಿತ್ತು.

ಐವತ್ತರ ಪಕ್ಷಕ್ಕೆ ನಾನೇ ನಾಯಕ. ಹುಟ್ಟೂರು ದಾವಣಗೆರೆ, ಅನ್ನ ಹಾಕಿದ್ದು ಇಲ್ಲಿನ ಕಾರ್ಖಾನೆ. ಇಪ್ಪತ್ತಾರು ವರ್ಷದಿಂದ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೇನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಬಿಡಿಭಾಗವನ್ನು ವಾಪಸ್ ಕಳಿಸುವುದು ನನ್ನ ಉದ್ಯೋಗ. ಮನೆಯಲ್ಲಿ ದೋಸೆಯನ್ನೂ ಹಾಗೇ ನೋಡುತ್ತೇನೆ ಎಂಬುದು ನನ್ನ ಹೆಂಡತಿ ಶೈಲಾಳ ದೂರು. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತಲ್ಲ, ಒಂದು ಸಲವಾದರೂ ವಿಮಾನ ಹತ್ತಿಸಿ ಎಂದು ಅವಳು ಕೇಳಿದಳು. ನಾನು ಕೂಡಲೇ ಒಪ್ಪಿಕೊಂಡೆ. ಅವಳಿಗೆ ಕಣ್ಣಲ್ಲಿ ನೀರು ಬಂತು. ಲೆನ್ಸ್ ಪರೀಕ್ಷೆಗೆ ಹೊಸ ಬೆಳಕು ಬೇಕಾಗಿತ್ತು ಎಂದು ನಾನು ಆಗ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಮುನಿಯಮ್ಮ ಬಂದಳು. ನಮ್ಮಲ್ಲಿನ ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನ ಮನೆಯವಳು, ನಮ್ಮ ಮನೆಯ ಪಾತ್ರೆ ಕಸ ನೋಡಿಕೊಳ್ಳುತ್ತಾಳೆ. ಅವಳ ಅಣ್ಣ ವೆಂಕಟಪ್ಪ ಅದೇ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಯಾರದೋ ಜೊತೆ ಮಲೇಷ್ಯಾದ ಇಪೋ ಎಂಬ ಊರಿಗೆ ಹೋಗಿ, ಹೋಟೆಲಿನಲ್ಲಿ ಕೆಲಸ ಹಿಡಿದು, ಅಲ್ಲೇ ಮದುವೆಯಾಗಿ, ಅಲ್ಲೇ ಹೆಂಡತಿಯನ್ನು ಕಳಕೊಂಡು, ಅಲ್ಲೇ ಉಳಿದಿದ್ದರು. ಮೊದಲೆಲ್ಲ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರಂತೆ. ಈಗ ನಾಲ್ಕು ವರ್ಷದಿಂದ ಬಂದಿಲ್ಲ. ಕೇಳಿದರೆ ಮುಂದಿನ ವರ್ಷ ಎನ್ನುತ್ತಾರೆ. ಮುಖ ತೋರಿಸುವ ಫೋನ್ ಮಾಡು ಎಂದರೆ ಕೆಟ್ಟಿದೆ ಎನ್ನುತ್ತಾರೆ.

"ಪೋನ್ನಾಗೆ ಎಲ್ಲಾ ಚೆನ್ನಾಗೈತೆ ಅಂತಾನೆ ಸಾರ್. ಬಾಯಿ ಮಾತ್ನ ಎಂಗ್ ನಂಬದು? ನೀವೊಂದು ಪೋಟ ತಗಂಡು ಬನ್ನಿ. ಮಖ ಕಂಡ್ರೆ ನಂಗೆ ಗೊತ್ತಾಗೋಯ್ತದೆ" ಎಂದಳು.

ಇಂಥ ಫೋಟೋ ತಂದುಕೊಡುತ್ತೇನೆ, ರೆಪ್ಪೆಯ ಕೂದಲನ್ನೂ ಎಣಿಸಬಹುದು ಎಂದು ಮಾತು ಕೊಟ್ಟೆ. ಅವಳು ಕೇಳಿದ್ದು ಅದಲ್ಲ ಎಂದು ಶೈಲಾ ಅಡುಗೆಮನೆಯಿಂದಲೇ ಅಂದಳು.

ಬಂಗಾರಪೇಟೆ

ಮಾರಿಕುಪ್ಪಂನಿಂದ ಹೊರಟ ರೈಲಿನಲ್ಲಿ ಬಂಗಾರಪೇಟೆಯವರೆಗೆ ಮುರುಗೇಶನೂ ಬಂದ. ಅವನು ರಾಬರ್ಟ್‌ಸನ್‌ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ಮೂವತ್ತೈದರ ಪಕ್ಷದ ನಾಯಕ. ಐವತ್ತು ಎಂದರೆ ಪಾಸ್‌ಪೋರ್ಟ್ ಫೋಟೋ ತೆಗೆಯುವುದಕ್ಕೆ ಸಾಕು ಎನ್ನುವುದು ಅವನ ವಾದ. ಮೂವತ್ತೈದು ಎಂದರೆ ಮದುವೆ ಮನೆಯಲ್ಲಿ ಎಲ್ಲರನ್ನೂ ತುರುಕುವ ಗೂಡ್ಸ್ ಆಟೋ ಎನ್ನುವುದು ನನ್ನ ವಾದ. ಸೋತವರು ಒಂದು ವರ್ಷ ಗುಂಪಿನಲ್ಲಿ ಬಾಯಿ ಬಿಡಬಾರದು ಎಂದು ಪಂದ್ಯ ಕಟ್ಟಿದ್ದೆವು. ಅವನ ಲೆನ್ಸನ್ನು ಪರೀಕ್ಷೆಗೆಂದು ನನಗೆ ಕೊಡಬೇಕಿತ್ತು. ಮಗುವಿನ ಕುಲಾವಿಯಲ್ಲಿ ಸುತ್ತಿ ತಂದಿದ್ದ. ಕೊಡುವ ಮುಂಚೆ ಎರಡು ಸಲ ಬಿಚ್ಚಿ ನೋಡಿ ಮತ್ತೆ ಸುತ್ತಿದ.

ಅವನು ಇಳಿದು ಕಿಟಕಿಯ ಹತ್ತಿರ ಬಂದು ಮತ್ತೊಮ್ಮೆ ಹೇಳಿದ: "ಸಾರ್, ಮುಖದ ಕಿಟ್ಟ ಹೋಗ್ಬಿಡ್ಬೇಡಿ. ಕೊಂಜ ಹಿಂದೆ ನಿಂತ್ಕೊಂಡು ನೋಡಿ. ಸುತ್ತ ಏನೈತೆ ಅಂತಾನೂ ನೋಡಿ." ಕಿಟ್ಟ ಎಂದರೆ ಅವನ ತಮಿಳಿನಲ್ಲಿ ಹತ್ತಿರ, ಕೊಂಜ ಎಂದರೆ ಸ್ವಲ್ಪ. ಸೋಲುವವನು ಹೀಗೇ ಮಾತಾಡುವುದು ಎಂದುಕೊಂಡೆ.

ಕೌಲಾಲಂಪುರ

ವಿಮಾನ ಇಳಿದ ಕೂಡಲೇ ಪ್ರವಾಸ ಕಂಪನಿಯವರು ನಲವತ್ತು ಜನಕ್ಕೂ ಒಂದೊಂದು ಟೀ ಶರ್ಟ್ ಹಂಚಿದರು. ಗಿಳಿಹಸಿರು. ಗಿಳಿಯೇ ನೋಡಿದರೂ ನಾಚಿಕೊಳ್ಳಬೇಕು, ಅಂಥ ಹಸಿರು. ಎದೆಯ ಮೇಲೆ ಕಂಪನಿಯ ಹೆಸರು, ಬೆನ್ನ ಮೇಲೆ ಗೈಡ್ ನಂಬರು. ಜನಜಂಗುಳಿಯಲ್ಲಿ ಯಾರೂ ಕಳೆದುಹೋಗಬಾರದೆಂದು ಈ ಏರ್ಪಾಡು. ಅರ್ಧ ಮೈಲಿ ದೂರದಿಂದ ಕುರುಡನಿಗೂ ಕಾಣುತ್ತೆ ಎಂದು ಗೈಡ್ ನಕ್ಕ. ನಾವೂ ನಕ್ಕೆವು.

ಮೊದಲನೇ ದಿನ ಎಲ್ಲರೂ ಗೋಪುರದ ಮುಂದೆ ನಿಂತರು. ನಾನು ನಮ್ಮ ಹೋಟೆಲಿನ ಹಿಂಭಾಗದ ಇಟ್ಟಿಗೆ ಗೋಡೆಯ ಮುಂದೆ ನಿಂತೆ. ಲೆನ್ಸಿನ ಮೂಲೆಗಳು ನೆಟ್ಟಗಿವೆಯೋ ಇಲ್ಲವೋ ನೋಡಲು ಇಟ್ಟಿಗೆ ಗೋಡೆಗಿಂತ ಒಳ್ಳೆಯ ವಸ್ತು ಪ್ರಪಂಚದಲ್ಲಿಲ್ಲ. ಐವತ್ತರಲ್ಲಿ ಹನ್ನೆರಡು, ಮೂವತ್ತೈದರಲ್ಲಿ ಹನ್ನೆರಡು ತೆಗೆದೆ. ಅಷ್ಟರಲ್ಲಿ ಹೋಟೆಲಿನ ಕಾವಲುಗಾರ ಬಂದು ಗೋಡೆಯಲ್ಲಿ ಏನಿದೆ ಎಂದು ವಿಚಾರಿಸಿದ. ಏನೂ ಇಲ್ಲ ಎಂದೆ. ಏನೂ ಇಲ್ಲದ ಗೋಡೆಗೆ ಇಪ್ಪತ್ತನಾಲ್ಕು ಫೋಟೋ ಯಾಕೆ ಎಂದು ಅವನು ಇನ್ನೊಬ್ಬನನ್ನು ಕರೆದ. ನಮ್ಮೂರಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿ ಗೋಡೆಯಲ್ಲಿ ದೇವರು ಮೂಡಿದೆಯಂತೆ ಎಂದು ಕರ್ಪೂರ ತರಿಸಿರುತ್ತಿದ್ದರು. ಇಲ್ಲಿನ ಜನ ತುಂಬ ಸಭ್ಯರು. ನನ್ನ ಪಾಸ್‌ಪೋರ್ಟ್ ನೋಡಿ, ನೀರು ಕೊಟ್ಟು, ಕೋಣೆಗೆ ಬಿಟ್ಟು ಹೋದರು.

"ಗೋಡೆ ನೋಡೋಕೆ ಇಲ್ಲಿ ತನಕ ಬರಬೇಕಿತ್ತಾ?" ಎಂದು ಶೈಲಾ ಒಂದೇ ಪ್ರಶ್ನೆ ಕೇಳಿದಳು. ನಾನು ಆ ಗೋಡೆಯ ಮೂಲೆಗಳನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ.

ಇಪೋ, ಬೆಳಿಗ್ಗೆ

ಮೂರನೇ ದಿನ ಶೈಲಾ ಗುಂಪಿನ ಜೊತೆ ಚಾಕೊಲೇಟ್ ಅಂಗಡಿಗೆ ಹೋದಳು. ನಾನೊಬ್ಬನೇ ರೈಲು ಹತ್ತಿ ಇಪೋಗೆ ಹೋದೆ, ಗೈಡ್ ಒತ್ತಾಯಕ್ಕೆ ಗಿಳಿಹಸಿರು ಹಾಕಿಕೊಂಡೇ. ಅಲ್ಲಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ, ಕಡಲೆಕಾಯಿ ಮಾರುವವನಿಲ್ಲ, ಸ್ವಲ್ಪ ಸರಿಯಿರಿ ಎಂದು ಮೂರು ಭಾಷೆಯಲ್ಲಿ ಬೈಯುವವರಿಲ್ಲ. ನನಗೆ ಎಸಿಯ ಚಳಿಗಿಂತ ಆ ಮೌನಕ್ಕೇ ನಡುಕ ಬಂತು.

ಇಪೋ ಕೂಡ ಗಣಿಯ ಊರು. ಅಲ್ಲಿ ಅಗೆದದ್ದು ತವರ. ಅಲ್ಲೂ ಗಣಿಗಳು ಮುಚ್ಚಿಹೋಗಿ ಊರು ಮಾತ್ರ ಉಳಿದಿದೆ. ಆದರೆ ಅವರು ಹಳೆಯ ಕಟ್ಟಡಗಳಿಗೆಲ್ಲ ಬಣ್ಣ ಬಳಿದು ಕಾಫಿ ಮಾರುತ್ತಾರೆ. ನಾವು ಹಳೆಯ ಕಟ್ಟಡಗಳ ಕಿಟಕಿ ಬಿಚ್ಚಿ ಮಾರುತ್ತೇವೆ. ಅವರವರ ಪದ್ಧತಿ.

ಮುನಿಯಮ್ಮ ವಿಳಾಸ ಕೊಟ್ಟು, ನಾನು ಬರುವುದನ್ನು ಅಣ್ಣನಿಗೂ ಫೋನಿನಲ್ಲಿ ತಿಳಿಸಿದ್ದಳು; ವೆಂಕಟಪ್ಪನವರ ಹೋಟೆಲ್ ಸುಲಭವಾಗಿ ಸಿಕ್ಕಿತು. ಬಾಗಿಲಲ್ಲಿ ಬಿಳಿ ಗಡ್ಡದ, ಗಟ್ಟಿ ಭುಜದ ಒಬ್ಬರು ನಿಂತಿದ್ದರು. ಅವರ ಎದುರಿಗೇ ನಿಂತು ನಾನು ಫಲಕ ಓದುತ್ತಿದ್ದರೂ ಅವರು ಮಾತಾಡಿಸಲಿಲ್ಲ. "ವೆಂಕಟಪ್ಪನವರೇ?" ಎಂದ ಕೂಡಲೇ ಮುಖ ಅರಳಿತು. "ಬನ್ನಿ ಸಾ, ಬನ್ನಿ. ನಮ್ ಮುನಿ ಎಂಗವ್ಳೆ?" ಎಂದು ಎರಡೂ ಕೈ ಚಾಚಿದರು. ಇಷ್ಟು ದೂರದಲ್ಲಿ ಆ ಭಾಷೆ ಕಿವಿಗೆ ಬೀಳುತ್ತಲೇ, ಕಾರ್ಖಾನೆಯ ಶಿಸ್ತಿನ ಮನುಷ್ಯ ನಾನು, ಕ್ಯಾಮೆರಾ ಬ್ಯಾಗು ಕೆಳಗಿಟ್ಟು ಅವರ ಎರಡೂ ಕೈ ಹಿಡಿದುಕೊಂಡೆ.

ಪ್ರವಾಸ ಕಥನ ಬರೆಯುವವನು ಅನ್ಯದೇಶದ ಆಚಾರಗಳನ್ನು ಅಲ್ಲಲ್ಲೇ ಬರೆದುಕೊಳ್ಳಬೇಕಲ್ಲವೇ? ನಾನೂ ಬರೆದುಕೊಂಡೆ. ಟಿಪ್ಪಣಿ ಪುಸ್ತಕದಲ್ಲಿದ್ದದ್ದನ್ನು ಒಂದಕ್ಷರ ಬದಲಿಸದೆ ಇಲ್ಲಿ ಕೊಡುತ್ತೇನೆ.

"ಇಲ್ಲಿಯ ಹಿರಿಯರು ರಸ್ತೆ ದಾಟುವಾಗ ಅತಿಥಿಯ ಮೊಣಕೈ ಹಿಡಿದುಕೊಂಡು, ಅವನನ್ನು ಅರ್ಧ ಹೆಜ್ಜೆ ಮುಂದೆ ಬಿಡುತ್ತಾರೆ. ಎಂಥ ಗೌರವ! ನಮ್ಮ ರಾಬರ್ಟ್‌ಸನ್‌ಪೇಟೆ ಬಸ್ ನಿಲ್ದಾಣದಲ್ಲಿ ಹಿರಿಯರು ಕಿರಿಯರು ಎಲ್ಲರೂ ಮೊಣಕೈಯಿಂದ ತಿವಿಯುತ್ತಾರೆ."

"ಟೀ ಬಗ್ಗಿಸುವಾಗ ಲೋಟದ ಅಂಚಿನಿಂದ ಬೆರಳನ್ನು ಒಳಗೆ ಇಳಿಬಿಟ್ಟು, ಬೆರಳಿಗೆ ತಾಗಿದ ಮೇಲೆ ನಿಲ್ಲಿಸುತ್ತಾರೆ. ಸ್ವಚ್ಛತೆಯ ದೃಷ್ಟಿಯಿಂದ ಸರಿಯಲ್ಲ. ಆದರೆ ಒಂದು ತೊಟ್ಟೂ ಚೆಲ್ಲುವುದಿಲ್ಲ."

ಇಪೋ, ಮಧ್ಯಾಹ್ನ

ಹೋಟೆಲಿನ ಎದುರು ಸಾಲಿನಲ್ಲಿ ಅವರ ಕೋಣೆ. ಉದ್ದನೆಯ ಕತ್ತಲು ಓಣಿ ದಾಟಿ ಹೋಗಬೇಕು. ಅವರು ಮುಂದೆ, ನಾನು ಹಿಂದೆ. ಎಡಗೈಯ ಹಿಂಭಾಗವನ್ನು ಗೋಡೆಗೆ ತಾಗಿಸಿಕೊಂಡು ಸರಾಗವಾಗಿ ನಡೆದರು. ನಾನು ಎರಡು ಸಲ ಎಡವಿದೆ. ಆ ದೃಶ್ಯ ಚೆನ್ನಾಗಿದೆಯಲ್ಲ ಎಂದು, ಟೀ ಬಗ್ಗಿಸುವಾಗ ತೆಗೆದ ಹಾಗೆ ಇದನ್ನೂ ಮೂವತ್ತೈದರಲ್ಲಿ ಒಂದು ತೆಗೆದೆ, ಕಡಿಮೆ ಬೆಳಕಿನಲ್ಲಿ ಮೂಲೆಗಳು ಎಷ್ಟು ಹಾಳಾಗುತ್ತವೆ ನೋಡೋಣವೆಂದು.

ಆಮೇಲೆ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ನೆತ್ತಿಯ ಮೇಲೆ ಸೂರ್ಯ ಹೊತ್ತಿ ಉರಿಯುತ್ತಿದ್ದ. "ಇವತ್ತು ಬೋ ಮಬ್ಬು ಅಲ್ವಾ ಸಾ?" ಎಂದರು ವೆಂಕಟಪ್ಪ. ನಾನು ತಲೆಯೆತ್ತಿ ನೋಡಿದೆ. ಒಂದು ಚೂರು ಮೋಡವಿಲ್ಲ. ಭೂಮಧ್ಯರೇಖೆಯ ಹತ್ತಿರ ಇರುವವರಿಗೆ ಇಷ್ಟು ಬಿಸಿಲು ಮಬ್ಬು ಎನಿಸುತ್ತದೆ ಎಂದು ಅದನ್ನೂ ಬರೆದುಕೊಂಡೆ.

ನನ್ನ ಐವತ್ತಕ್ಕೆ ಆ ದಿನ ಕಾಲ ಕೂಡಿಬಂದಿತ್ತು. ಹತ್ತಿರ ಹೋಗಿ, ಲೆನ್ಸಿನ ಬಾಯಿ ಪೂರ್ತಿ ತೆರೆದು ಹಿಡಿದೆ. ಹಾಗೆ ತೆರೆದರೆ ಕೂದಲಷ್ಟು ಜಾಗ ಮಾತ್ರ ನಿಚ್ಚಳ, ಅದರ ಹಿಂದಿನದು ಮುಂದಿನದು ಬೆಣ್ಣೆಯ ಹಾಗೆ ಕರಗುತ್ತದೆ. ಆ ಕರಗುವಿಕೆಗೇ ನಮ್ಮ ಬಳಗದವರು ಪ್ರಾಣ ಬಿಡುವುದು. ಈ ಹೊಸ ಕ್ಯಾಮೆರಾಗಳಿಗೆ ಇನ್ನೊಂದು ವಿದ್ಯೆ ಇದೆ: ಎದುರಿಗೆ ಮುಖ ಕಂಡರೆ ತಾವಾಗಿಯೇ ಕಣ್ಣನ್ನು ಹುಡುಕಿ ಹಸಿರು ಚೌಕ ಹಾಕಿಕೊಳ್ಳುತ್ತವೆ. ವೆಂಕಟಪ್ಪನವರ ಬಲಗಣ್ಣಿನ ಮೇಲೆ ಚೌಕ ಕೂತಿತು, ಅಲುಗಾಡಲಿಲ್ಲ. ಅವರ ಹಾಗೆ ರೆಪ್ಪೆ ಹೊಡೆಯದೆ ಕೂರುವವರನ್ನು ನಾನು ಕಂಡಿಲ್ಲ. "ಈ ಕಡೆ ನೋಡಿ" ಎಂದೆ. ನೋಡಿದರು. ಕ್ಲಿಕ್ಕಿಸಿದೆ.

ತೆಗೆದದ್ದನ್ನು ತೋರಿಸೋಣವೆಂದು ಕ್ಯಾಮೆರಾ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡು, "ಬೋ ಚೆನ್ನಾಗೈತೆ ಸಾ" ಎಂದು ಬಾಯಿ ತುಂಬ ಮೆಚ್ಚಿದರು. ವಾಪಸ್ ತಗೊಂಡು ನೋಡಿದರೆ ಪರದೆ ಆಗಲೇ ಆರಿ ಕಪ್ಪಾಗಿತ್ತು. ಪಾಪ, ಏನೂ ಕಾಣದಿದ್ದರೂ ನನಗೆ ಬೇಜಾರಾಗಬಾರದೆಂದು ಹೊಗಳಿದರಲ್ಲ, ಎಂಥ ಸಂಸ್ಕಾರ ಎಂದುಕೊಂಡೆ.

ಹೊರಡುವಾಗ ಹೋಟೆಲಿನ ಯಜಮಾನರು ನಮ್ಮಿಬ್ಬರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದುಕೊಟ್ಟರು. ವೆಂಕಟಪ್ಪ ನನ್ನ ಕೈ ಬಿಡದೆ, ಚೆನ್ನಾಗವ್ನೆ ಅಂತ ಮುನಿಗೆ ಏಳಿ ಸಾ, ಅಷ್ಟೇ ಏಳಿ ಸಾಕು ಎಂದು ನಾಲ್ಕು ಸಲ ಹೇಳಿದರು. ಖಂಡಿತ ಹೇಳುತ್ತೇನೆ ಎಂದೆ. ನಾನು ಕಂಡದ್ದೂ ಅದೇ ಆಗಿತ್ತು.

ರಾಬರ್ಟ್‌ಸನ್‌ಪೇಟೆ

ಊರಿಗೆ ಬಂದ ಮಾರನೇ ದಿನವೇ ಮುರುಗೇಶನ ಸ್ಟುಡಿಯೋದಲ್ಲಿ ಕೂತು ತೀರ್ಪು ಬರೆದೆವು. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಗೋಡೆಯಷ್ಟು ದೊಡ್ಡದು ಮಾಡಿ, ಚುಕ್ಕೆ ಚುಕ್ಕೆ ನೋಡಿದೆವು. ಐವತ್ತರಲ್ಲಿ ತೆಗೆದ ವೆಂಕಟಪ್ಪನವರ ಬಲಗಣ್ಣಿನಲ್ಲಿ ನನ್ನ ಪ್ರತಿಬಿಂಬ ಕಾಣುತ್ತಿತ್ತು, ರೆಪ್ಪೆಯ ಕೂದಲು ಎಣಿಸಬಹುದಿತ್ತು. ಮುಖ ಸ್ವಲ್ಪ ಓರೆಯಾಗಿದ್ದರಿಂದ ಎಡಗಣ್ಣು ಹಿತವಾಗಿ ಕರಗಿತ್ತು. ಮುರುಗೇಶನೂ ಬಾಯಿ ಮುಚ್ಚಿಕೊಂಡ. ಆದರೂ ಓಣಿಯ ಚಿತ್ರ ಮತ್ತು ಟೀ ಬಗ್ಗಿಸುವ ಚಿತ್ರ, ಎರಡೂ ಮೂವತ್ತೈದರವು, ತನಗೇ ಇಷ್ಟ ಎಂದು ಹಟ ಹಿಡಿದು ಅವನ್ನೂ ಸಣ್ಣ ಕಾಗದದ ಮೇಲೆ ಪ್ರಿಂಟ್ ಹಾಕಿದ. ನಾನು ದಯೆಯಿಂದ ಒಪ್ಪಿದೆ. ನಮ್ಮಿಬ್ಬರ ಜೋಡಿ ಫೋಟೋವನ್ನೂ ಹಾಕಿಸಿದೆ.

ಗುಂಪಿನಲ್ಲಿ ಕಣ್ಣಿನ ಚಿತ್ರ ಹಾಕಿದ್ದೇ ತಡ, ಕೈಮುಗಿಯುವ ಗೊಂಬೆಗಳ ಸುರಿಮಳೆ. ಎಂಥ ಕಣ್ಣು, ಎಂಥ ಕಣ್ಣು ಎಂದು ಮೂವತ್ತು ಜನ ಬರೆದರು. ಒಬ್ಬರೂ ಬೇರೆ ಏನೂ ಹೇಳಲಿಲ್ಲ.

ಶೈಲಾ ಮಾತ್ರ ಜೋಡಿ ಫೋಟೋ ನೋಡಿ, "ನೀವು ನಗ್ತಿದ್ದೀರಿ, ಅವರು ಯಾಕೆ ನಿಮ್ಮ ಕಿವಿ ಪಕ್ಕ ನೋಡ್ತಿದ್ದಾರೆ?" ಎಂದಳು. ಫೋಟೋ ತೆಗೆದವರಿಗೆ ಅನುಭವ ಇರಲಿಲ್ಲ ಎಂದೆ.

ನಂದಿದುರ್ಗ ಲೈನ್

ಆ ಭಾನುವಾರ ನಾನೂ ಮುರುಗೇಶನೂ ಫ್ರೇಮ್ ಹಾಕಿಸಿದ ಫೋಟೋ ಹೊತ್ತುಕೊಂಡು ಮುನಿಯಮ್ಮನ ಮನೆಗೆ ಹೋದೆವು. ಅವಳು ಸೀರೆಯಲ್ಲಿ ಕೈ ಒರೆಸಿಕೊಂಡು, ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಕರಗಿದ ಆ ಎಡಗಣ್ಣಿನ ಮೇಲೆ ಹೆಬ್ಬೆರಳಿಟ್ಟು ಒರೆಸಿದಳು. ಮತ್ತೆ ಒರೆಸಿದಳು.

"ಈ ಕಣ್ಣು ಮಬ್ಬಾಗೈತಲ್ಲ ಸಾರ್" ಎಂದಳು.

ನಾನೂ ಮುರುಗೇಶನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆಮೇಲೆ ನಾನು ಕುರ್ಚಿ ಎಳೆದುಕೊಂಡು ಅವಳಿಗೆ ಪಾಠ ಶುರು ಮಾಡಿದೆ. ಅದು ಮಬ್ಬಲ್ಲ, ಅದೇ ಲೆನ್ಸಿನ ಗುಣ, ಅದಕ್ಕೇ ಅದು ಒಳ್ಳೆಯ ಲೆನ್ಸು. ಒಂದು ಕಣ್ಣು ಚೊಕ್ಕ ಬಂದರೆ ಇನ್ನೊಂದು ಕರಗಲೇಬೇಕು. ದೊಡ್ಡ ದೊಡ್ಡವರು ಇದನ್ನು ಬೇಕೆಂದೇ ಮಾಡುತ್ತಾರೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಬೇರೆ ಇಲ್ಲವಾ ಎಂದಳು. ಮುರುಗೇಶ ಸಣ್ಣ ಪ್ರಿಂಟುಗಳನ್ನು ಕೊಟ್ಟ.

ಟೀ ಬಗ್ಗಿಸುವ ಚಿತ್ರದಲ್ಲಿ ಅವಳ ಕಣ್ಣು ಲೋಟದೊಳಗಿನ ಬೆರಳ ಮೇಲೆ ನಿಂತಿತು. ಓಣಿಯ ಚಿತ್ರದಲ್ಲಿ ಗೋಡೆಗೆ ತಾಗಿದ ಕೈಯ ಮೇಲೆ ನಿಂತಿತು. ಆ ಕೈಯನ್ನು ತೋರಿಸುತ್ತ, ನನ್ನ ಕಡೆ ತಿರುಗದೆ, ಹೇಳಿದಳು.

"ಗಣಿ ಒಳಗೆ ದೀಪ ಆರೋದ್ರೆ ಇಂಗೇ ನಡೀತಾರೆ ಸಾರ್. ಕೈ ಇಂದುಮುಂದು ಮಾಡಿ ಗೋಡೆಗಿಟ್ಕಂಡು. ಅಂಗೈ ಇಟ್ರೆ ಕಲ್ಲು ಕುಯ್ತದೆ ಅಂತ ನಮ್ಮಪ್ಪ ಏಳ್ಕೊಟ್ಟಿದ್ದ, ನಮ್ಮಣ್ಣಯ್ಯಂಗೆ. ಇಲ್ಲಿ ಯಾವ ದೀಪ ಆರೈತೆ?"

ಮುರುಗೇಶ ನಗು ನಿಲ್ಲಿಸಿದ. ನಾನು, ಓಣಿ ಕತ್ತಲಿತ್ತು ಮುನಿಯಮ್ಮ ಎಂದೆ. ನನ್ನ ದನಿ ನನಗೇ ಸಪ್ಪೆಯಾಗಿ ಕೇಳಿಸಿತು. ಮೊಣಕೈ ಹಿಡಿದದ್ದು, ಕಪ್ಪು ಪರದೆಯನ್ನು ಮೆಚ್ಚಿದ್ದು, ಉರಿಬಿಸಿಲಲ್ಲಿ ಮಬ್ಬು ಎಂದದ್ದು ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಒಬ್ಬ ಮನುಷ್ಯನ ಕಣ್ಣು ಹೋಗಿರುವುದನ್ನು ಒಂದು ದೇಶದ ಸಂಪ್ರದಾಯ ಎಂದು ಬರೆದುಕೊಂಡು ಬಂದಿದ್ದೆನಲ್ಲ. ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಷನ್ ಮಾಡಿದ್ದೇನೆಂದು ಹೇಳಿಕೊಳ್ಳುವವನು ನಾನು. ನನಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

ಮುನಿಯಮ್ಮ ಫೋನ್ ಹಚ್ಚಿ, ನಮಗೂ ಕೇಳುವಂತೆ ನೆಲದ ಮೇಲಿಟ್ಟಳು. ಹೋಟೆಲಿನವರು ಅಣ್ಣನಿಗೆ ಕೊಟ್ಟರು. ಫೋಟೋ ಬಂತು, ಚೆನ್ನಾಗಿದ್ದೀಯ ಎಂದಳು. ನಾನು ಏಳ್ಲಿಲ್ವಾ, ಕಲ್ಲು ಇದ್ದಂಗಿದ್ದೀನಿ ಎಂದು ವೆಂಕಟಪ್ಪ ನಕ್ಕರು. ಅವಳ ಕೈಯಲ್ಲಿ ಆಗ ನಮ್ಮ ಜೋಡಿ ಫೋಟೋ ಇತ್ತು. ಅವರ ಪಕ್ಕದಲ್ಲಿ ನಾನು, ಕುತ್ತಿಗೆಯಿಂದ ಸೊಂಟದವರೆಗೆ ಗಿಳಿಹಸಿರು.

"ಅಣ್ಣಯ್ಯ, ಸಾರ್ ಅವತ್ತು ಯಾವ ಬಣ್ಣದ ಅಂಗಿ ಆಕ್ಕಂಡಿದ್ರು?" ಎಂದು ಕೇಳಿದಳು.

ಆ ಕಡೆ ಪಾತ್ರೆಗಳ ಸದ್ದು ಮಾತ್ರ ಕೇಳಿಸಿತು. ಆಮೇಲೆ ಉತ್ತರ ಬಂತು. "ಬಿಳೀದು ಕಣಮ್ಮ. ಕಾರ್ಕಾನೆ ಸಾರು ಅಲ್ವಾ, ಇಸ್ತ್ರಿ ಮಾಡಿದ್ ಬಿಳೀ ಅಂಗಿ."

ಮುನಿಯಮ್ಮ ಕಣ್ಣು ಮುಚ್ಚಿಕೊಂಡಳು. "ಔದು, ಬಿಳೀದೇ" ಎಂದಳು. ದನಿ ಒಂದಿಷ್ಟೂ ಅಲುಗದಂತೆ ಹೇಳಿದಳು: "ಬಂದ್ಬುಡು ಅಣ್ಣಯ್ಯ. ಕೋಲಾರದಾಗೆ ಕಣ್ಣಾಸ್ಪತ್ರೆ ಐತೆ, ತೋರ್ಸನ. ಆದ್ರೆ ಆಯ್ತದೆ, ಆಗ್ದಿದ್ರೆ ನಾನಿಲ್ವಾ? ಬಂಗಾರಪೇಟೆ ಟೇಸನ್ನಾಗೆ ನಿಂತಿರ್ತೀನಿ. ನೀನು ಉಡುಕೋದು ಬ್ಯಾಡ, ನಾನೇ ನೋಡ್ಕಂತೀನಿ."

ವೆಂಕಟಪ್ಪ ಬತ್ತೀನಿ ಬಿಡು ಎಂದರು. ಮತ್ತೆ ಸಣ್ಣ ದನಿಯಲ್ಲಿ ಕೇಳಿದರು: "ಪೋಟ ಎಂಗ್ ಬಂದೈತೆ ಮುನಿ?"

"ಬೋ ಚೆನ್ನಾಗೈತೆ" ಎಂದಳು ಮುನಿಯಮ್ಮ. ಫೋಟೋ ಅವಳ ಮಡಿಲಲ್ಲಿ ಬೋರಲು ಬಿದ್ದಿತ್ತು.